ಹಸು ಗಬ್ಬ ನಿಲ್ಲದಿರುವುದಕ್ಕೆ ಕಾರಣಗಳು: ಬೆದೆಯ ವೇಳೆ, ಬೀಜದ ಹೋರಿ ಮತ್ತು ಕೃತಕ ಗರ್ಭಧಾರಣೆ

ಸಂತೆಗೆ ಬರುವ ಹಸುಗಳಲ್ಲಿ ಕೆಲವನ್ನು ಅವುಗಳ ಒಡೆಯರು “ಗೊಡ್ಡು” ಎಂದು ಹೇಳಿ ಬಂದ ಬೆಲೆಗೆ ಕೊಟ್ಟು ಹೋಗುವುದುಂಟು. ಹಸು ಮೈತುಂಬಿಕೊಂಡಿರುವುದು, ವಯಸ್ಸು ಮೀರಿರುವುದಿಲ್ಲ, ಹಿಂದೆ ಒಂದೆರಡು ಸೂಲು ಈದೂ ಇರುವುದು. ಎರಡು ಮೂರು ಸಲ ಹೋರಿಗೆ ಬಿಟ್ಟರೂ ಗಬ್ಬ ನಿಲ್ಲಲಿಲ್ಲವೆಂಬುದೇ ಅದರ ಮೇಲಿರುವ ದೂರು. ಇಂಥ ಹಸುಗಳನ್ನು ಬಲ್ಲವರು ಪರೀಕ್ಷಿಸಿದರೆ ನಿಜವಾಗಿಯೂ ಗೊಡ್ಡಾದುವು ಕೆಲವು ಮಾತ್ರವೆಂದು ತಿಳಿದುಬರುವುದು. ಉಳಿದುವುಗಳಲ್ಲಿ ದೋಷವು ಬಹುಮಟ್ಟಿಗೆ ಹಸುವಿನಲ್ಲಿಲ್ಲ. ಬೆದೆಯನ್ನು ಗುರುತಿಸದೆ ಇದ್ದುದರಲ್ಲಿ, ಗುರುತಿಸಿದರೂ ವೇಳೆ ತಪ್ಪಿಸಿದುದರಲ್ಲಿ, ಅಥವಾ ಮೇವಿನ ಕೊರತೆಯಲ್ಲಿ ಇರುವುದು.

ಇದರಿಂದಾಗುವ ನಷ್ಟವನ್ನು ಲೆಕ್ಕ ಹಾಕಿ ನೋಡಬಹುದು. ಹಸು ಗಬ್ಬ ಹೊರುವ ಕಾಲ ಸುಮಾರು 280ರಿಂದ 285 ದಿನಗಳು. ಈದ ತರುವಾಯ 80 ದಿನಗಳ ಸುಮಾರಿಗೆ ಮರಳಿ ಗಬ್ಬ ನಿಂತರೆ ವರ್ಷಕ್ಕೊಂದು ಕರು ದೊರೆಯುವುದು. ಒಂದು ಬೆದೆ ತಪ್ಪಿದರೆ 21 ದಿನಗಳು ಹೋದುವು. ನಾಲ್ಕು ತಪ್ಪಿದರೆ 84 ದಿನಗಳು, ಎಂದರೆ ಹತ್ತಿರ ಹತ್ತಿರ ಮೂರು ತಿಂಗಳು. ಈ ಮೂರು ತಿಂಗಳೂ ಹಸು ಮೇವು ತಿನ್ನದೆ ಇರುವುದಿಲ್ಲ. ಕರು ಮಾತ್ರ ಮೂರು ತಿಂಗಳು ಹಿಂದಕ್ಕೆ ಹೋಗುವುದು, ಹಾಲೂ ಅದರೊಂದಿಗೆ ಹಿಂದಕ್ಕೆ ಹೋಗುವುದು. ನಾಲ್ಕೈದು ಹಸುಗಳಿರುವ ಮನೆಯಲ್ಲಿ ಈ ನಷ್ಟವು ವರ್ಷವರ್ಷವೂ ಕಣ್ಣಿಗೆ ಕಾಣದಂತೆ ನಡೆಯುತ್ತಿರುವುದು. ಹಸುವಿನ ಗರ್ಭಾಂಗಗಳು ಯಾವುವು, ಅವು ಹೇಗೆ ಕೆಲಸಮಾಡುತ್ತವೆ ಎಂಬುದನ್ನು ತಿಳಿದುಕೊಂಡರೆ ಇದನ್ನು ತಡೆಯುವುದು ಕಷ್ಟವಲ್ಲ.

1. ಹಸುವಿನ ಗರ್ಭಾಂಗಗಳು

ಹೊರಗಿನಿಂದ ಒಳಕ್ಕೆ ಹೋದಂತೆ ಮೊದಲು ಭಗ, ಅನಂತರ ಯೋನಿ, ಅದರ ತುದಿಯಲ್ಲಿ ಗರ್ಭಕೋಶದ ಕೊರಳು, ಅದರಾಚೆ ಗರ್ಭಕೋಶ ಇವು ಕ್ರಮವಾಗಿ ಇರುತ್ತವೆ. ಇವೆಲ್ಲವೂ ಹೊಟ್ಟೆಯ ಹಿಂಭಾಗದಲ್ಲಿ, ಸಗಣಿಯ ಕರುಳಿನ ಕೆಳಗೇ ಇರುವುದರಿಂದ, ಪಶುವೈದ್ಯರು ಆ ಕರುಳಿನಲ್ಲಿ ಕೈಯಿಟ್ಟು ಇವುಗಳನ್ನು ಮುಟ್ಟಿ ಪರೀಕ್ಷಿಸಬಲ್ಲರು.

ಗರ್ಭಕೋಶದ ಕೊರಳು ಒಂದು ಗೇಣಿಗಿಂತ ಚಿಕ್ಕದಾದ, ಗಟ್ಟಿಯಾದ ಕೊಳವೆ. ಅದರೊಳಗೆ ಮೂರು ನಾಲ್ಕು ಉಂಗುರಗಳಂಥ ಮಡಿಕೆಗಳುಂಟು. ಬೆದೆಯಿಲ್ಲದ ದಿನಗಳಲ್ಲಿ ಈ ಬಾಗಿಲು ಬಿಗಿಯಾಗಿ ಮುಚ್ಚಿರುವುದು. ಬೆದೆಯ ಕಾಲದಲ್ಲಿ ಸಡಿಲವಾಗಿ ಅದರಿಂದ ಲೋಳೆ ಸುರಿಯುವುದು. ಗಬ್ಬ ನಿಂತರೆ ಗಟ್ಟಿಯಾದ ಅಂಟಿನಿಂದ ಮುಚ್ಚಿಕೊಂಡು ಈಯುವ ತನಕ ಹಾಗೆಯೇ ಇರುವುದು. ಗರ್ಭಕೋಶವು ಒಳಗೆ ಟಗರಿನ ಕೊಂಬುಗಳಂತೆ ಸುರುಳಿಯಾಗಿ ಎರಡು ಕವಲಾಗಿರುವುದು. ಕರು ಬೆಳೆಯುವುದು ಸಾಮಾನ್ಯವಾಗಿ ಈ ಕವಲುಗಳಲ್ಲಿ ಒಂದರಲ್ಲಿ. ಪ್ರತಿಯೊಂದು ಕವಲಿನ ತುದಿಯಿಂದ ದಾರದಂಥ ಸಣ್ಣ ನಾಳವೊಂದು ಹೊರಟು ಅಂಡಾಶಯದ ಬಳಿ ಹೂವಿನಂತೆ ಬಾಯಿ ತೆರೆದಿರುವುದು.

ಅಂಡಾಶಯಗಳು ಎರಡು, ಒಂದೊಂದೂ ಸಿಪ್ಪೆ ಸಹಿತವಾದ ಗೇರುಬೀಜದಷ್ಟು ಗಾತ್ರದ್ದು. ಬೆದೆಯ ಹೊತ್ತಿಗೆ ಇವುಗಳಲ್ಲೊಂದರ ಮೇಲೆ ನೀರುಗುಳ್ಳೆಯೊಂದು ಬಲಿತು ಉಬ್ಬಿರುವುದು. ಅಂಡವು ಈ ಗುಳ್ಳೆಯೊಳಗೆ ಇರುವುದು. ಬರಿಯ ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣದು. ಗುಳ್ಳೆ ಒಡೆದಾಗ ಅಂಡವು ಜಾರಿ ನಾಳದ ಬಾಯಿಗೆ ಬೀಳುವುದು. ಒಡೆದ ಜಾಗದಲ್ಲಿ ಹಳದಿಯ ಗಂಟು ಬೆಳೆಯುವುದು. ಈ ಗಂಟು ಇರುವವರೆಗೆ ಹಸು ಮತ್ತೆ ಬೆದೆಗೆ ಬಾರದು. ಗಬ್ಬ ನಿಂತರೆ ಗಂಟು ಉಳಿದು ಗರ್ಭವನ್ನು ಕಾಯುವುದು. ನಿಲ್ಲದಿದ್ದರೆ ಸುಮಾರು 17 ದಿನಗಳಾದ ಮೇಲೆ ಗರ್ಭಕೋಶವೇ ಒಂದು ರಸವನ್ನು ಕಳುಹಿಸಿ ಅದನ್ನು ಕರಗಿಸುವುದು. ಹೊಸ ಗುಳ್ಳೆ ಬಲಿಯುವುದು. ಹಸು ಮತ್ತೆ ಬೆದೆಗೆ ಬರುವುದು. ಹೀಗೆ ಒಂದು ಬೆದೆಯಿಂದ ಮತ್ತೊಂದಕ್ಕೆ ಸರಾಸರಿ 21 ದಿನಗಳು; ಕೆಲವು ಹಸುಗಳಲ್ಲಿ 18, ಕೆಲವುಗಳಲ್ಲಿ 24.

2. ಬೆದೆಯ ಲಕ್ಷಣಗಳು

ಬೆದೆಗೆ ಬಂದ ಹಸು ಕೊಟ್ಟಿಗೆಯಲ್ಲಿ ನಿಂತಲ್ಲಿ ನಿಲ್ಲದು, ಕೂಗುವುದು, ಮೇವನ್ನು ಬಿಡುವುದು, ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪವಾಗಿ ಗಂಜಲ ಹುಯ್ಯುವುದು, ಬೇರೆ ರಾಸುಗಳ ಮೇಲೆ ಏರುವುದು. ಕರೆಯುವ ಹಸುವಾದರೆ ಆ ಹೊತ್ತಿನ ಹಾಲು ಕಡಿಮೆಯಾಗುವುದು. ಭಗವು ಊದಿ ಒಳಗೆ ಕೆಂಪಾಗಿರುವುದು. ಮೊಟ್ಟೆಯ ಬಿಳಿಯಂಥ ತಿಳಿಯಾದ ಲೋಳೆಯು ನೂಲಿನಂತೆ ಇಳಿದು ಬಾಲಕ್ಕೂ ತೊಡೆಗೂ ಅಂಟಿರುವುದು. ಇವುಗಳಲ್ಲೆಲ್ಲ ನಿಶ್ಚಯವಾದ ಗುರುತೆಂದರೆ, ಬೇರೊಂದು ರಾಸು ತನ್ನ ಮೇಲೆ ಏರಿದಾಗ ಹಸು ಕದಲದೆ ನಿಲ್ಲುವುದೇ.

ನಾಡ ಹಸುಗಳಲ್ಲಿ ಬೆದೆಯು ಸೀಮೆ ಹಸುಗಳಲ್ಲಿರುವಷ್ಟು ಹೊತ್ತು ಇರುವುದಿಲ್ಲ. ಅನೇಕ ಸಲ ಹತ್ತು ಹನ್ನೆರಡು ಗಂಟೆಗಳಲ್ಲಿ ಮುಗಿದುಹೋಗುವುದು. ರಾತ್ರಿಯಲ್ಲಿ ಮೊದಲಾಗಿ ಹೊತ್ತು ಏರುವುದರೊಳಗೆ ಅಡಗುವುದೂ ಉಂಟು. ಎಮ್ಮೆಗಳಲ್ಲಿ ಇನ್ನೂ ಕಷ್ಟ. ಅವು ಒಂದರ ಮೇಲೊಂದು ಏರುವುದು ಅಪರೂಪ, ಬೇಸಿಗೆಯಲ್ಲಂತೂ ಬೆದೆಯು ತೋರಿಯೂ ತೋರದಂತೆ ಕಳೆದುಹೋಗುವುದು. ಆದುದರಿಂದ ಬೆಳಗಿನ ಜಾವದಲ್ಲೊಮ್ಮೆ, ಸಂಜೆ ದನ ಮನೆಗೆ ಬಂದ ಮೇಲೊಮ್ಮೆ, ಮಲಗುವ ಮುನ್ನ ದೀಪ ಹಿಡಿದು ಒಮ್ಮೆ ಕೊಟ್ಟಿಗೆಯನ್ನು ನೋಡತಕ್ಕದ್ದು. ಲೋಳೆಯು ಹಸು ಮಲಗಿದಾಗಲೇ ಹೆಚ್ಚಾಗಿ ಹೊರಬೀಳುವುದರಿಂದ ನೆಲವನ್ನೂ ನೋಡಬೇಕು.

ಬೆದೆಯನ್ನು ಮೊದಲು ಕಾಣುವವರು ಹಾಲು ಕರೆಯುವ ಹೆಂಗಸರು ಮತ್ತು ದನ ಕಾಯುವ ಹುಡುಗರು. ಮನೆಯ ಯಜಮಾನನಿಗೆ ಆ ಸಂಗತಿ ತಿಳಿಯುವುದು ಅನೇಕ ವೇಳೆ ಮರುದಿನ. ಕೆಲವೆಡೆ ಎಂದಿಗೂ ಇಲ್ಲ, ಏಕೆಂದರೆ ಯಾರೂ ಕೇಳುವುದಿಲ್ಲ. ಅವರಿಗೆ ಲಕ್ಷಣಗಳನ್ನು ತಿಳಿಸಿಕೊಟ್ಟು, ಕಂಡ ಕೂಡಲೇ ಹೇಳುವಂತೆ ಏರ್ಪಡಿಸಿದರೆ ಅರ್ಧ ಕೆಲಸವಾದಂತೆಯೇ.

ಬೆದೆ ಕಂಡ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಲಿನಿಂದ ಬರೆದಿಡುವುದು ಒಳ್ಳೆಯದು. 21 ದಿನವೆಂದರೆ ಸರಿಯಾಗಿ ಮೂರು ವಾರ. ಸೋಮವಾರ ಬೆದೆಗೆ ಬಂದ ಹಸು ಗಬ್ಬ ನಿಲ್ಲದಿದ್ದರೆ ಅಲ್ಲಿಂದ ಮೂರನೆಯ ಸೋಮವಾರದ ಸುಮಾರಿಗೆ ಮತ್ತೆ ಬೆದೆಗೆ ಬರುವುದು. ಆ ವಾರ ಅದನ್ನು ವಿಶೇಷವಾಗಿ ನೋಡಿಕೊಂಡರೆ ಸಾಕು. ಬೆದೆ ಮುಗಿದ ಎರಡು ಮೂರು ದಿನಗಳಲ್ಲಿ ಕೆಲವು ಕಡಸುಗಳಲ್ಲಿ ಸ್ವಲ್ಪ ರಕ್ತ ಕಾಣಿಸುವುದುಂಟು. ಇದು ರೋಗವಲ್ಲ, ಬೆದೆ ಕಳೆದುಹೋಯಿತೆಂಬ ಗುರುತು. ಅಂದಿನಿಂದ 18 ದಿನಗಳ ಮೇಲೆ ಮುಂದಿನ ಬೆದೆಯನ್ನು ಎದುರುನೋಡುವುದು.

3. ಯಾವ ವೇಳೆಯಲ್ಲಿ ಹೋರಿಗೆ ಬಿಡಬೇಕು

ಬೆದೆ ಕಂಡೊಡನೆ ಅಂಡವು ಸಿದ್ಧವಾಗಿರುವುದೆಂದು ಭಾವಿಸುವುದು ತಪ್ಪು. ಹಸುವಿನಲ್ಲಿ ಗುಳ್ಳೆಯೊಡೆದು ಅಂಡವು ಹೊರಬರುವುದು ಬೆದೆ ಅಡಗಿದ ಹತ್ತು ಹನ್ನೆರಡು ಗಂಟೆಗಳ ಮೇಲೆ. ಹೊರಬಂದ ಅಂಡಕ್ಕೆ ಫಲವಾಗುವ ಶಕ್ತಿಯಿರುವುದು ಕೆಲವೇ ಗಂಟೆಗಳು. ಹೋರಿಯ ವೀರ್ಯಾಣುಗಳಾದರೋ ಗರ್ಭಾಂಗದಲ್ಲಿ ಸುಮಾರು ಒಂದು ದಿನ ಬದುಕಿರುತ್ತವೆ. ಆದರೆ ಅಂಡದೊಡನೆ ಸೇರುವ ಯೋಗ್ಯತೆ ಬರಲು ಅವುಗಳಿಗೂ ಆರು ಗಂಟೆಗಳಷ್ಟು ಕಾಲ ಬೇಕು. ಆದುದರಿಂದ ಅಂಡವು ಬರುವುದಕ್ಕೆ ಮುಂಚಿತವಾಗಿಯೇ ವೀರ್ಯಾಣುಗಳು ನಾಳದಲ್ಲಿ ಕಾದಿರಬೇಕು. ಬಹಳ ಮುಂಚಿತವಾಗಿ ಬಂದು ಸತ್ತಿರಲೂ ಕೂಡದು.

ಇದರಿಂದ ಹೊರಟ ನಿಯಮವು ಸುಲಭವಾದುದು. ಬೆಳಿಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ; ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಇದಕ್ಕೆ ಮುಂಚೆ ಮಾಡಿದರೆ ವೀರ್ಯವು ವ್ಯರ್ಥ. ಒಂದು ದಿನ ತಡಮಾಡಿದರೆ ಅಂಡವು ವ್ಯರ್ಥ. “ಮೂರು ಸಲ ಬಿಟ್ಟರೂ ನಿಲ್ಲಲಿಲ್ಲ” ಎನ್ನುವ ಹಸುವಿನ ಒಡೆಯನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಆ ಮೂರು ಸಲವೂ ಎಷ್ಟು ಹೊತ್ತಿಗೆ ಬಿಟ್ಟದ್ದು ಎಂಬುದು.

ಈದ ಹಸುವನ್ನು ಎರಡು ತಿಂಗಳು ಕಳೆಯುವವರೆಗೆ ಹೋರಿಗೆ ಬಿಡಕೂಡದು. ಗರ್ಭಕೋಶವು ಮೊದಲಿನ ಸ್ಥಿತಿಗೆ ಬರಲು ಅಷ್ಟು ವಿಶ್ರಾಂತಿ ಬೇಕು. ಕಡಸುಗಳ ವಿಷಯದಲ್ಲಿ ವಯಸ್ಸಿಗಿಂತ ಮೈಯನ್ನು ನೋಡುವುದು. ಆ ತಳಿಯ ಬೆಳೆದ ಹಸುವಿನ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟಾದರೂ ತೂಕ ಬಂದಿರಬೇಕು.

4. ಬೀಜದ ಹೋರಿ

ಹಸು ಕೆಟ್ಟದಾದರೆ ವರ್ಷಕ್ಕೆ ಒಂದು ಕರು ಕೆಡುವುದು. ಹೋರಿ ಕೆಟ್ಟದಾದರೆ ಊರಿನ ಕರುಗಳೆಲ್ಲ ಕೆಡುವುವು. ಪ್ರತಿ ಕರುವಿಗೂ ಅರ್ಧ ಗುಣ ತಾಯಿಯಿಂದ, ಅರ್ಧ ಗುಣ ತಂದೆಯಿಂದ ಬರುವುದು. ಒಂದು ಹೋರಿಯು ವರ್ಷಕ್ಕೆ ಐವತ್ತು ಅರವತ್ತು ಹಸುಗಳಿಗೆ ಸಾಕಾಗುವುದಾದ್ದರಿಂದ ಅದರ ಆಯ್ಕೆಯು ಊರಿಗೆಲ್ಲ ಸಂಬಂಧಪಟ್ಟ ಕೆಲಸ.

ಹೋರಿಯ ಬೀಜಗಳು ದೇಹದ ಹೊರಗೆ ಚೀಲದಲ್ಲಿ ತೂಗುವುದಕ್ಕೆ ಕಾರಣವುಂಟು. ಹೋರಿಯ ಮೈಕಾವು ಸುಮಾರು 38.5 ಡಿಗ್ರಿ, ಬೀಜಗಳು ಅದಕ್ಕಿಂತ ಎರಡರಿಂದ ಐದು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಚೆನ್ನಾಗಿ ಬೆಳೆಯುವುವು. ಒಂದು ವೀರ್ಯಾಣು ಬೆಳೆಯಲು ಸುಮಾರು 61 ದಿನಗಳೂ, ಬಲಿತು ಹೊರಬರಲು ಮತ್ತೆ ಹತ್ತು ದಿನಗಳಷ್ಟೂ ಬೇಕು. ಆದುದರಿಂದ ಕಾಲುಬಾಯಿ ಜ್ವರ ಮೊದಲಾದುವುಗಳಿಂದ ಮೈ ಕಾದ ಹೋರಿಯು ಕಣ್ಣಿಗೆ ಗುಣವಾದಂತೆ ಕಂಡರೂ ಎರಡು ತಿಂಗಳಿಗಿಂತ ಹೆಚ್ಚು ಕಾಲ ಅದರ ವೀರ್ಯವು ನಿಷ್ಫಲವಾಗಿರಬಹುದು. ಆ ಅವಧಿಯಲ್ಲಿ ಅದಕ್ಕೆ ಬಿಟ್ಟ ಹಸುಗಳೆಲ್ಲ ಗಬ್ಬ ನಿಲ್ಲದೆ ಹೋದರೆ ಅದು ಹಸುಗಳ ತಪ್ಪಲ್ಲ.

ಹೋರಿಯನ್ನು ಆರಿಸುವಾಗ ಎರಡು ಬೀಜಗಳೂ ಚೀಲಕ್ಕೆ ಇಳಿದು ಸಮನಾಗಿರುವುದನ್ನೂ, ಕಾಲು ಗೊರಸುಗಳು ನೆಟ್ಟಗಿರುವುದನ್ನೂ ನೋಡಬೇಕು. ಅದಕ್ಕಿಂತ ಹೆಚ್ಚಾಗಿ ಅದರ ತಾಯಿ ಎಷ್ಟು ಹಾಲು ಕೊಟ್ಟಿತು, ಎಷ್ಟು ತಿಂಗಳಿಗೊಮ್ಮೆ ಈದಿತು, ಒಡಹುಟ್ಟಿದ ಎತ್ತುಗಳು ನೇಗಿಲಿಗೆ ಹೇಗೆ ನಡೆದುವು ಎಂಬುದನ್ನು ವಿಚಾರಿಸಬೇಕು. ಹೋರಿಯ ಹಾಲಿನ ಗುಣವನ್ನು ಹೋರಿಯ ಮೈಮೇಲೆ ಕಾಣಲಾಗದು. ಅದರ ತಾಯಿಯಲ್ಲೂ ಹೆಣ್ಣುಮಕ್ಕಳಲ್ಲೂ ಕಾಣಬೇಕು.

ದೇವರ ಹೆಸರಿನಲ್ಲಿ ಬಸವನನ್ನು ಬಿಡುವ ಪದ್ಧತಿಯು ಹಿಂದೆ ಊರಿಗೆ ಬೀಜದ ಹೋರಿಯನ್ನು ಒದಗಿಸುತ್ತಿದ್ದ ಒಳ್ಳೆಯ ಏರ್ಪಾಡು. ಹರಕೆಗೆ ಮಂದೆಯ ಉತ್ತಮವಾದ ಕರುವನ್ನು ಬಿಟ್ಟರೆ ಹರಕೆಯೂ ಸಲ್ಲುವುದು, ಊರಿಗೂ ಲಾಭವಾಗುವುದು. ಮಾರಾಟವಾಗದ ಬಡಕಲು ಕರುವನ್ನು ಬಿಟ್ಟರೆ ಊರಿನ ದನವೆಲ್ಲ ಬಡಕಲಾಗುವುದು. ಒಂದೇ ಹೋರಿಯನ್ನು ಮೂರು ವರ್ಷಗಳಿಗಿಂತ ಹೆಚ್ಚು ಕಾಲ ಒಂದೇ ಊರಿನಲ್ಲಿ ಇಟ್ಟುಕೊಳ್ಳಕೂಡದು. ಅಷ್ಟರಲ್ಲಿ ಅದರ ಹೆಣ್ಣುಕರುಗಳೇ ಬೆದೆಗೆ ಬರುವ ಕಾಲವಾಗುವುದು. ಹತ್ತಿರದ ರಕ್ತ ಕೂಡಿದರೆ ಕರುಗಳು ಸೊರಗುವುವು. ನೆರೆಯೂರಿನೊಡನೆ ಹೋರಿಯನ್ನು ಬದಲಾಯಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ.

ಬೀಜಕ್ಕೆ ಬೇಡವಾದ ಹೋರಿಕರುಗಳನ್ನು ಅವು ಹಸುಗಳ ಮೇಲೆ ಏರುವುದಕ್ಕೆ ಮೊದಲೇ ಬೀಜ ಒಡೆಸತಕ್ಕದ್ದು. ಚರ್ಮವನ್ನು ಕೊಯ್ಯದೆ ಬೀಜದ ನರವನ್ನು ಮಾತ್ರ ಒತ್ತಿ ನಿಲ್ಲಿಸುವ ಇಕ್ಕಳವು ಪಶುವೈದ್ಯ ಶಾಲೆಗಳಲ್ಲಿ ಉಂಟು. ಕಲ್ಲಿನಿಂದ ಜಜ್ಜುವ ಹಳೆಯ ಕ್ರಮವು ಕ್ರೂರವಾದುದು, ಅಪಾಯಕರವಾದುದು, ಅದನ್ನು ಬಿಡಬೇಕು.

5. ಕೃತಕ ಗರ್ಭಧಾರಣೆ

ಹೋರಿಯು ಒಂದು ಸಲಕ್ಕೆ ಬಿಡುವ ವೀರ್ಯವು ಸುಮಾರು 5 ಮಿಲಿಲೀಟರು. ಒಂದೊಂದು ಮಿಲಿಲೀಟರಿನಲ್ಲಿ ನೂರು ಕೋಟಿಯ ಆಸುಪಾಸು ವೀರ್ಯಾಣುಗಳಿರುವುವು. ಹೋರಿ ಹಾರಿದಾಗ ಈ 500 ಕೋಟಿಯೂ ಒಂದೇ ಹಸುವಿಗೆ ವೆಚ್ಚವಾಗುವುದು. ಗರ್ಭಕೋಶದ ಕೊರಳನ್ನು ದಾಟಿಸಿ ವೀರ್ಯವನ್ನು ಇಟ್ಟರೆ 2 ಕೋಟಿ ಸಾಕು. ಆ ಲೆಕ್ಕದಲ್ಲಿ ಒಂದು ಸಲದ ವೀರ್ಯವು 250 ಹಸುಗಳಿಗೆ ಒದಗುವುದು. ಸಿದ್ಧಗೊಳಿಸುವಾಗ ಸ್ವಲ್ಪ ನಷ್ಟವಾದರೂ ಲಾಭವು ಬಹಳ ದೊಡ್ಡದು. ಕೃತಕ ಗರ್ಭಧಾರಣೆಯ ಸಾರವೆಲ್ಲ ಇಷ್ಟೇ. ಅದರಿಂದ ಹುಟ್ಟಿದ ಕರುವಿಗೂ ಹೋರಿ ಹಾರಿ ಹುಟ್ಟಿದ ಕರುವಿಗೂ ಬಲದಲ್ಲಾಗಲಿ ಆಯುಸ್ಸಿನಲ್ಲಾಗಲಿ ಭೇದವಿಲ್ಲ.

ಈ ವಿದ್ಯೆಯನ್ನು ರಷ್ಯದಲ್ಲಿ ಇವಾನೋವ್ ಎಂಬ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕುದುರೆಗಳಲ್ಲಿಯೂ ಇತರ ಸಾಕುಪ್ರಾಣಿಗಳಲ್ಲಿಯೂ ಬಳಕೆಗೆ ತಂದರು. 1936ರಲ್ಲಿ ಡೆನ್ಮಾರ್ಕಿನ ರೈತರು ಇದಕ್ಕಾಗಿ ಸಹಕಾರ ಸಂಘವನ್ನೇ ಕಟ್ಟಿದರು. ಭಾರತದಲ್ಲಿ ಇದು ಮೊದಲಾದುದು ಮೈಸೂರಿನಲ್ಲಿಯೇ. 1939ರಲ್ಲಿ ಮೈಸೂರು ಅರಮನೆಯ ಹೈನು ಕ್ಷೇತ್ರದಲ್ಲಿ ಡಾಕ್ಟರ್ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಲ್ಲಿ ಸೀಮೆ ಹೋರಿಯ ವೀರ್ಯದಿಂದ ಗಬ್ಬ ನಿಲ್ಲಿಸಿ ತೋರಿಸಿದರು.

ಆ ಕಾಲದಲ್ಲಿ ವೀರ್ಯವನ್ನು ಮಂಜುಗಡ್ಡೆಯಲ್ಲಿಟ್ಟು ಕೆಲವು ದಿನಗಳು ಮಾತ್ರ ಕಾಪಾಡಬಹುದಾಗಿತ್ತು. 1949ರಲ್ಲಿ ಇಂಗ್ಲೆಂಡಿನಲ್ಲಿ ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಸಾಯುವುದಿಲ್ಲವೆಂಬುದು ತಿಳಿದುಬಂದಿತು. ಅಂದಿನಿಂದ ಬೆಳೆದುಬಂದ ಕ್ರಮದಲ್ಲಿ ವೀರ್ಯವನ್ನು ಕಾಲು ಮಿಲಿಲೀಟರಿನ ಸಣ್ಣ ಕಡ್ಡಿಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿರುವ ದ್ರವ ಸಾರಜನಕದಲ್ಲಿ ಮುಳುಗಿಸಿ ವರ್ಷಗಟ್ಟಲೆ ಇಡುವರು; ಹೋರಿ ಸತ್ತ ಮೇಲೂ ಅದರ ಕರುಗಳು ಹುಟ್ಟಬಹುದು. ಹೆಣ್ಣುಕರುವನ್ನು ಹುಟ್ಟಿಸುವ ವೀರ್ಯಾಣುಗಳನ್ನು ಬೇರ್ಪಡಿಸಿದ ಕಡ್ಡಿಗಳೂ ಈಗ ದೊರೆಯುತ್ತವೆ. ಅವುಗಳಿಂದ ಹತ್ತರಲ್ಲಿ ಸುಮಾರು ಒಂಬತ್ತು ಕರುಗಳು ಹೆಣ್ಣಾಗುವುವು.

ರೈತರು ಗಮನಿಸಬೇಕಾದುದು ಕೆಲವು. ಕಡ್ಡಿಯನ್ನು ಸಾರಜನಕದ ಪಾತ್ರೆಯಿಂದಲೇ ತೆಗೆದಿರಬೇಕು. ಅಂಗಿಯ ಜೇಬಿನಲ್ಲಿ ತಂದ ಕಡ್ಡಿಯಿಂದ ಪ್ರಯೋಜನವಿಲ್ಲ. ತೆಗೆದೊಡನೆ 37 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಕೂಡಲೇ ಉಪಯೋಗಿಸಬೇಕು. ಹಸುವನ್ನು ಓಡಿಸಿ ಬೆದರಿಸಿ ತರಬಾರದು; ಕೆಲಸವಾದ ಮೇಲೆ ನೆರಳಿನಲ್ಲಿ ಕಟ್ಟಬೇಕು. ಎಲ್ಲಕ್ಕೂ ಮಿಗಿಲಾಗಿ, ಹೆಪ್ಪುಗಟ್ಟಿಸಿದ ವೀರ್ಯಾಣುಗಳ ಆಯುಸ್ಸು ಹೋರಿಯಿಂದ ನೇರವಾಗಿ ಬಂದವುಗಳಿಗಿಂತ ಕಡಿಮೆ. ಆದುದರಿಂದ ವೇಳೆಯ ನಿಯಮವನ್ನು ಇಲ್ಲಿ ಇನ್ನೂ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು. ಮೊದಲನೆಯ ಸಲಕ್ಕೇ ಎಲ್ಲ ಹಸುಗಳೂ ನಿಲ್ಲುವುವೆಂದು ನಂಬಕೂಡದು. ಅರ್ಧಕ್ಕಿಂತ ಕಡಿಮೆ ನಿಂತರೂ ಆಶ್ಚರ್ಯವಿಲ್ಲ. ಮೂರು ವಾರಗಳಾದ ಮೇಲೆ ನೋಡಿ, ಬೆದೆ ಬಂದರೆ ಮತ್ತೊಮ್ಮೆ ಮಾಡಿಸುವುದು. ಸರಿಯಾದ ವೇಳೆಯಲ್ಲಿ ಮೂರು ಸಲ ಮಾಡಿಸಿಯೂ ನಿಲ್ಲದ ಹಸುವನ್ನು ಪಶುವೈದ್ಯರಿಗೆ ತೋರಿಸುವುದು.

6. ಯಾವ ತಳಿಯ ಬೀಜ

ಹಳ್ಳಿಕಾರ್, ಅಮೃತಮಹಲ್, ಖಿಲಾರಿ ತಳಿಗಳು ನಡಿಗೆಗೂ ದುಡಿಮೆಗೂ ಹೆಸರಾದುವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಲ್ಲಿ ಮೊದಲಾಗಿ, ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಮಂದೆಯು ಕಾವಲುಗಳಲ್ಲಿ ತಲೆಮಾರುಗಳಿಂದ ಆಯ್ದು ಬೆಳೆಸಿದ ದನ. ಎತ್ತುಗಳನ್ನು ಬೆಳೆಸಿ ಮಾರುವ ರೈತನು ಇಂಥ ತಳಿಗೆ ಅದೇ ತಳಿಯ ಹೋರಿಯನ್ನೇ ಕೊಡಿಸಬೇಕು. ಹಾಲಿಗಾಗಿ ಸಾಕುವವರು, ನೀರೂ ಹಸುರು ಮೇವೂ ವರ್ಷವಿಡೀ ಇರುವ ಕಡೆ, ಜರ್ಸಿ ಅಥವಾ ಹೋಲ್‌ಸ್ಟೀನ್ ಬೀಜವನ್ನು ಬಳಸಬಹುದು. ಆದರೆ ಸೀಮೆಯ ರಕ್ತವು ಅರ್ಧದ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು. ಹೆಚ್ಚಿದಷ್ಟೂ ಬಿಸಿಲನ್ನೂ ಉಣ್ಣೆಯನ್ನೂ ತಾಳುವ ಶಕ್ತಿ ಕಡಿಮೆಯಾಗುವುದು. ಮಲೆನಾಡ ಗಿಡ್ಡದಂಥ ಸಣ್ಣ ಹಸುವಿಗೆ ದೊಡ್ಡ ಮೈಯ ಹೋರಿಯ ಬೀಜವನ್ನು ಕೊಡಿಸಿದರೆ ಈಯುವಾಗ ತಾಯಿಗೂ ಕರುವಿಗೂ ಗಂಡಾಂತರ ಒದಗಬಹುದು.

7. ಗಬ್ಬ ನಿಲ್ಲದಿರುವುದಕ್ಕೆ ಇತರ ಕಾರಣಗಳು

ಬರಿಯ ಒಣಹುಲ್ಲನ್ನು ತಿಂದು ಬಡಕಲಾದ ಹಸು ಬೆದೆಗೇ ಬರುವುದಿಲ್ಲ, ಬಂದರೂ ತೋರುವುದಿಲ್ಲ. ಇದಕ್ಕೆ ಔಷಧಕ್ಕಿಂತ ಹಸುರು ಮೇವು, ಸ್ವಲ್ಪ ಹಿಂಡಿ, ಉಪ್ಪು ಮತ್ತು ಖನಿಜದ ಪುಡಿಗಳೇ ಮದ್ದು. ಗಂಡುಕರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಕರು ಹತ್ತರಲ್ಲಿ ಒಂಬತ್ತು ಪಾಲು ಹುಟ್ಟುಗೊಡ್ಡು. ಅದನ್ನು ಹೈನಿಗೆಂದು ಸಾಕುವುದು ವ್ಯರ್ಥ. ಲೋಳೆಯಲ್ಲಿ ಕೀವು ಕಂಡರೆ ಗರ್ಭಕೋಶದಲ್ಲಿ ಹುಣ್ಣಿದೆಯೆಂದು ತಿಳಿದು, ಹೋರಿಗೆ ಬಿಡದೆ ಚಿಕಿತ್ಸೆ ಮಾಡಿಸತಕ್ಕದ್ದು.

ಐದು ತಿಂಗಳು ಮೀರಿದ ಗಬ್ಬದ ಹಸುಗಳು ಒಂದರ ಹಿಂದೊಂದು ಕಂದು ಹಾಕಿದರೆ ಬ್ರೂಸೆಲ್ಲ ಎಂಬ ಅಂಟುರೋಗವನ್ನು ಶಂಕಿಸಬೇಕು. ಇದು ಮನುಷ್ಯರಿಗೂ ತಗಲುವುದು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವುಗಳಿಂದ ತಿಂಗಳುಗಟ್ಟಲೆ ನರಳಿಸುವುದು. ಬಿದ್ದ ಕಂದನ್ನೂ ಮಾಸನ್ನೂ ಬರಿಯ ಕೈಯಿಂದ ಮುಟ್ಟಕೂಡದು. ಕೆರೆಗೆ ಎಸೆಯಕೂಡದು, ನಾಯಿಗಳ ಪಾಲಾಗಲು ಬಿಡಕೂಡದು. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಹಾಲನ್ನು ಕಾಯಿಸದೆ ಕುಡಿಯಕೂಡದು. ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಂದು ಸಲ ಚುಚ್ಚುವ ಲಸಿಕೆಯು ಇದಕ್ಕೆ ತಡೆ. ಇಂಥ ಹಸುವನ್ನು ಊರ ಹೋರಿಯ ಬಳಿಗೆ ಒಯ್ಯುವುದೂ, ಹೇಳದೆ ಸಂತೆಯಲ್ಲಿ ಮಾರುವುದೂ ನೆರೆಯವನ ಕೊಟ್ಟಿಗೆಗೆ ಬೆಂಕಿಯಿಟ್ಟಂತೆ.

8. ಗಬ್ಬದ ಹಸುವಿನ ಪಾಲನೆ

ಹೋರಿಗೆ ಬಿಟ್ಟ ಎರಡು ಮೂರು ತಿಂಗಳಲ್ಲಿ ಗಬ್ಬವನ್ನು ಪರೀಕ್ಷೆ ಮಾಡಿಸುವುದು. ಬೆದೆ ಬಾರದಿದ್ದ ಮಾತ್ರಕ್ಕೆ ಗಬ್ಬವೆಂದು ನಂಬಿ ಕಾಯುವುದು ನಷ್ಟಕ್ಕೆ ದಾರಿ. ಈಯುವುದಕ್ಕೆ ಎರಡು ತಿಂಗಳು ಮೊದಲು ಹಾಲು ಬತ್ತಿಸಿ ಹೆಚ್ಚು ಮೇವು ಕೊಡುವುದು. ಈದ ಮೇಲೆ ಹನ್ನೆರಡು ಗಂಟೆಗಳೊಳಗೆ ಮಾಸು ಬೀಳಬೇಕು; ಬೀಳದಿದ್ದರೆ ಕಲ್ಲು ಕಟ್ಟಿ ಎಳೆಯದೆ ವೈದ್ಯರನ್ನು ಕರೆಸುವುದು. ಮಾಸು ಬೀಳುವವರೆಗೆ ಕರುವಿಗೆ ಗಿಣ್ಣುಹಾಲು ಕೊಡಬಾರದೆಂಬ ನಂಬಿಕೆಯು ಕೆಲವೆಡೆ ಇದೆ. ಇದು ಹಾನಿಕರ. ರೋಗವನ್ನು ತಡೆಯುವ ಶಕ್ತಿಯು ಕರುವಿಗೆ ಗಿಣ್ಣಿನಿಂದಲೇ ಬರಬೇಕು. ಹೊತ್ತು ಹೋದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯು ಕರುವಿನ ಕರುಳಿಗೆ ಇಲ್ಲವಾಗುವುದು. ಹುಟ್ಟಿದ ಒಂದೆರಡು ಗಂಟೆಗಳೊಳಗೇ ಕುಡಿಸತಕ್ಕದ್ದು.

9. ಗ್ರಾಮದ ಮುಖಂಡರು ಮಾಡಬಹುದಾದುದು

ಒಬ್ಬ ರೈತನು ಎಷ್ಟೇ ಎಚ್ಚರವಾಗಿದ್ದರೂ ನೆರೆಯವನ ಬಡಕಲು ಹೋರಿಯು ಕಾವಲಿನಲ್ಲಿ ತಿರುಗುತ್ತಿದ್ದರೆ ಅವನ ಶ್ರಮವು ಫಲಿಸದು. ಆದುದರಿಂದ ಮುಖಂಡರು ಊರಿನ ರೈತರನ್ನು ಸೇರಿಸಿ ಈ ಕೆಳಗಿನ ಏರ್ಪಾಡುಗಳನ್ನು ಮಾಡಿದರೆ ಉಪಕಾರವಾಗುವುದು.

(1) ಊರಿನಲ್ಲಿರುವ ಹಸು, ಎಮ್ಮೆ, ಕಡಸುಗಳ ಪಟ್ಟಿಯನ್ನು ಬರೆದು, ಪ್ರತಿಯೊಂದು ಈದ ದಿನ, ಬೆದೆಗೆ ಬಂದ ದಿನ, ಹೋರಿಗೆ ಬಿಟ್ಟ ದಿನಗಳನ್ನು ಗುರುತುಮಾಡುವುದು.

(2) ಬೀಜಕ್ಕೆ ಯೋಗ್ಯವಾದ ಹೋರಿಯನ್ನು ಎಲ್ಲರೂ ಒಪ್ಪಿ ಆರಿಸಿ, ಅದರ ಮೇವಿಗೆ ಊರಿನಿಂದಲೇ ವ್ಯವಸ್ಥೆ ಮಾಡುವುದು. ಮೂರು ವರ್ಷಕ್ಕೊಮ್ಮೆ ಬದಲಾಯಿಸುವುದು.

(3) ಉಳಿದ ಹೋರಿಕರುಗಳಿಗೆ ಒಂದು ದಿನವನ್ನು ಗೊತ್ತುಮಾಡಿ ಪಶುವೈದ್ಯರಿಂದ ಬೀಜ ಒಡೆಸುವುದು.

(4) ಕೃತಕ ಗರ್ಭಧಾರಣೆ ಮಾಡುವವರಿಗೆ ಬೆದೆಯ ಸುದ್ದಿಯು ತಡವಿಲ್ಲದೆ ಮುಟ್ಟುವಂತೆ ಒಬ್ಬನನ್ನು ನೇಮಿಸುವುದು.

(5) ಕಂದು ಹಾಕಿದ ಹಸುವಿನ ಸಂಗತಿಯನ್ನು ಮುಚ್ಚಿಡದೆ ತಿಳಿಸುವಂತೆ ಊರಿನಲ್ಲಿ ಕಟ್ಟುಮಾಡುವುದು.

ಹಸುವು ಇಪ್ಪತ್ತೊಂದು ದಿನಗಳಿಗೊಮ್ಮೆ ತಪ್ಪದೆ ತನ್ನ ಸುದ್ದಿಯನ್ನು ತಾನೇ ಹೇಳುವುದು. ಅದನ್ನು ಆ ಹೊತ್ತಿಗೆ ಕೇಳುವವರು ಮನೆಯಲ್ಲಿದ್ದರೆ, “ಗೊಡ್ಡು” ಎಂದು ಸಂತೆಗೆ ಹೊರಟ ಹಸುಗಳಲ್ಲಿ ಅನೇಕವು ಕರುವಿನೊಡನೆ ಕೊಟ್ಟಿಗೆಯಲ್ಲಿಯೇ ಉಳಿಯುವುವು.